ದೀಪ ಹಸಿರಾದಾಗ: ಡೆಟ್ರಾಯಿಟ್‌ನ ಒಂದು ರಸ್ತೆಯ ನೆನಪು ಮತ್ತು ಚರಿತ್ರೆ



ಚರಿತ್ರೆ ಎಂದೊಡನೆ ನಿಮಗೆ ರಾಜರು, ಯುದ್ಧಗಳು, ಶಾಸನಗಳು ನೆನಪಾಗುತ್ತವೆ. ಆದರೆ ಒಂದು ರಸ್ತೆಗೂ ಚರಿತ್ರೆ ಇರುತ್ತದೆ. ಆ ರಸ್ತೆಯಲ್ಲಿ ಶನಿವಾರ ರಾತ್ರಿ ಇಪ್ಪತ್ತರ ಹರೆಯದ ಹುಡುಗರು ಏನು ಮಾಡುತ್ತಿದ್ದರು ಎಂಬುದಕ್ಕೂ ಚರಿತ್ರೆ ಇರುತ್ತದೆ. ಅಂಥ ಚರಿತ್ರೆ ಶಾಸನಗಳಲ್ಲಿ ಸಿಗುವುದಿಲ್ಲ. ಅದು ಉಳಿಯುವುದು ಬಹುಮಟ್ಟಿಗೆ ಜನರ ನೆನಪಿನಲ್ಲಿ. ನೆನಪು ಎಷ್ಟು ನಂಬಬಹುದಾದ ಸಾಕ್ಷಿ? ಇದನ್ನು ತಿಳಿಯಲು ನಿಮ್ಮನ್ನು ಅಮೆರಿಕದ ಡೆಟ್ರಾಯಿಟ್ ನಗರಕ್ಕೆ, 1960ರ ದಶಕಕ್ಕೆ ಕರೆದೊಯ್ಯುತ್ತೇನೆ.

ಅಲ್ಲಿ ಆ ಕಾಲದಲ್ಲಿ ಭಾರೀ ಇಂಜಿನ್ನಿನ ಕಾರುಗಳು ಸಾರ್ವಜನಿಕ ರಸ್ತೆಯಲ್ಲೇ, ಒಂದು ಸಿಗ್ನಲ್ಲಿನಿಂದ ಇನ್ನೊಂದು ಸಿಗ್ನಲ್ಲಿನವರೆಗೆ ಪೈಪೋಟಿಗೆ ಬಿದ್ದು ಓಡುತ್ತಿದ್ದವು. ಇಂದು ಆ ಕಾರುಗಳನ್ನು ‘ಮಸಲ್ ಕಾರ್’ ಎನ್ನುತ್ತಾರೆ. ಕನ್ನಡದಲ್ಲಿ ‘ಕಟ್ಟುಮಸ್ತಾದ ಕಾರು’ ಎನ್ನಬಹುದು. ಅಂದು ಯುವಕರಾಗಿದ್ದವರು ಈಗ ಎಪ್ಪತ್ತು ದಾಟಿದ ಅಜ್ಜಂದಿರು. ಆ ರಾತ್ರಿಗಳ ಮಾತು ಬಂದರೆ ಅವರ ಮುಖ ಅರಳುತ್ತದೆ. ಅವರು ಹೇಳುವುದರಲ್ಲಿ ಬಹಳಷ್ಟು ನಿಜವಿದೆ. ಅವರು ಹೇಳದೆ ಬಿಡುವುದರಲ್ಲೂ ಅಷ್ಟೇ ನಿಜವಿದೆ.

ರಸ್ತೆ ಯಾವುದು?

ಆ ರಸ್ತೆಯ ಹೆಸರು ವುಡ್‌ವರ್ಡ್ ಅವೆನ್ಯೂ. 1805ರಲ್ಲಿ ಡೆಟ್ರಾಯಿಟ್ ಊರು ಬೆಂಕಿಗೆ ಆಹುತಿಯಾದ ಮೇಲೆ ಅದನ್ನು ಹೊಸದಾಗಿ ಕಟ್ಟಲು ನಕ್ಷೆ ಹಾಕಿದ ನ್ಯಾಯಾಧೀಶ ಅಗಸ್ಟಸ್ ವುಡ್‌ವರ್ಡ್ ಅವರ ಹೆಸರು ಅದಕ್ಕಿದೆ. ನದಿಯ ದಂಡೆಯಿಂದ ಹೊರಟು ವಾಯವ್ಯ ದಿಕ್ಕಿನಲ್ಲಿ ಸಾಗಿ ಅದು ಪಾಂಟಿಯಾಕ್ ಎಂಬ ಊರನ್ನು ಮುಟ್ಟುತ್ತದೆ. ದಾರಿಯಲ್ಲಿ ಅದನ್ನು ಅಡ್ಡಹಾಯುವ ರಸ್ತೆಗಳಿಗೆ ಆರನೆಯ ಮೈಲಿ ರಸ್ತೆ, ಏಳನೆಯ ಮೈಲಿ ರಸ್ತೆ, ಎಂಟನೆಯ ಮೈಲಿ ರಸ್ತೆ ಎಂದು ದೂರದ ಲೆಕ್ಕದಲ್ಲೇ ಹೆಸರು. 1909ರಲ್ಲಿ ಆರು ಮತ್ತು ಏಳನೆಯ ಮೈಲಿಗಳ ನಡುವೆ ಈ ರಸ್ತೆಗೆ ಕಾಂಕ್ರೀಟು ಹಾಕಲಾಯಿತು. ಅಮೆರಿಕದಲ್ಲಿ ಕಾಂಕ್ರೀಟು ಕಂಡ ಮೊದಲ ಒಂದು ಮೈಲಿ ಹೆದ್ದಾರಿ ಅದು ಎಂಬ ಹೆಗ್ಗಳಿಕೆ ಇದೆ.

ಈ ರಸ್ತೆಯ ಅಕ್ಕಪಕ್ಕದಲ್ಲಿ ಏನಿತ್ತು ನೋಡಿ. ಹೈಲ್ಯಾಂಡ್ ಪಾರ್ಕ್‌ನಲ್ಲಿ ಫೋರ್ಡ್ ಕಂಪನಿಯ ಕಾರ್ಖಾನೆ. 1913ರಲ್ಲಿ ಕಾರುಗಳ ಚಲಿಸುವ ಜೋಡಣಾ ಸಾಲು ಆರಂಭವಾದದ್ದು ಅಲ್ಲಿ. ಅದೇ ಊರಿನಲ್ಲಿ ಕ್ರೈಸ್ಲರ್ ಕಂಪನಿಯ ಅಂದಿನ ಪ್ರಧಾನ ಕಚೇರಿ. ಸ್ವಲ್ಪ ದೂರದಲ್ಲಿ ಜನರಲ್ ಮೋಟರ್ಸ್‌ನ ಅಂದಿನ ಪ್ರಧಾನ ಕಚೇರಿ. ರಸ್ತೆಯ ಆ ತುದಿಯಲ್ಲಿ, ಪಾಂಟಿಯಾಕ್ ಊರಿನಲ್ಲಿ, ಆ ಊರಿನ ಹೆಸರನ್ನೇ ಹೊತ್ತ ಕಾರುಗಳ ಕಾರ್ಖಾನೆ. ಹೀಗಾಗಿ ಇಲ್ಲಿ ಕಾರು ಓಡಿಸುವ ಹುಡುಗ, ಕಾರು ಜೋಡಿಸುವ ಅವನ ತಂದೆ, ಕಾರಿನ ನಕ್ಷೆ ಬರೆಯುವ ಇಂಜಿನಿಯರ್ ಎಲ್ಲರೂ ಒಂದೇ ರಸ್ತೆಯ ಜನ.

ನಗರದ ಎಲ್ಲೆಯಾದ ಎಂಟನೆಯ ಮೈಲಿ ದಾಟಿದ ಮೇಲೆ ವುಡ್‌ವರ್ಡ್ ಇನ್ನಷ್ಟು ಅಗಲವಾಗುತ್ತದೆ. ನಡುವೆ ಹುಲ್ಲಿನ ವಿಭಜಕ, ಎರಡೂ ಬದಿಗೆ ಹಲವು ಪಥಗಳು, ದೂರ ದೂರಕ್ಕೆ ಸಿಗ್ನಲ್ ದೀಪಗಳು, ನೇರ ರಸ್ತೆ. ಬದಿಯಲ್ಲಿ ‘ಡ್ರೈವ್ ಇನ್’ ಹೋಟೆಲುಗಳು. ಕಾರಿನಿಂದ ಇಳಿಯದೆ ಕುಳಿತಲ್ಲಿಗೇ ತಿಂಡಿ ತರಿಸಿಕೊಳ್ಳುವ ವ್ಯವಸ್ಥೆ ಅಲ್ಲಿತ್ತು. ರಾಯಲ್ ಓಕ್‌ನ ‘ಟೋಟೆಂ ಪೋಲ್’, ಬ್ಲೂಮ್‌ಫೀಲ್ಡ್ ಹಿಲ್ಸ್‌ನ ‘ಟೆಡ್ಸ್’ ಇವುಗಳಲ್ಲಿ ಹೆಸರಾದವು. ಹುಡುಗರು ಒಂದರಿಂದ ಹೊರಟು ಇನ್ನೊಂದರವರೆಗೆ ಹೋಗಿ, ವಿಭಜಕದ ಸಂದಿನಲ್ಲಿ ತಿರುಗಿ ಮತ್ತೆ ಬರುತ್ತಿದ್ದರು. ಆಗ ಪೆಟ್ರೋಲಿನ ಬೆಲೆ ಒಂದು ಗ್ಯಾಲನ್‌ಗೆ, ಅಂದರೆ 3.8 ಲೀಟರಿಗೆ, ಸುಮಾರು 30 ಸೆಂಟ್. ಇಡೀ ರಾತ್ರಿ ಸುತ್ತಿದರೂ ಜೇಬಿಗೆ ದೊಡ್ಡ ಹೊರೆಯಾಗುತ್ತಿರಲಿಲ್ಲ.

ಕಾಲು ಮೈಲಿಯ ಪಂದ್ಯ

ಇಬ್ಬರು ಅಕ್ಕಪಕ್ಕ ನಿಂತು, ಒಂದೇ ಕ್ಷಣದಲ್ಲಿ ಹೊರಟು, ನೇರ ದಾರಿಯಲ್ಲಿ ಕಾಲು ಮೈಲಿ ದೂರವನ್ನು ಯಾರು ಮೊದಲು ಮುಟ್ಟುತ್ತಾರೆ ಎಂದು ನೋಡುವುದೇ ‘ಡ್ರ್ಯಾಗ್ ರೇಸ್’. ಕಾಲು ಮೈಲಿ ಎಂದರೆ 1,320 ಅಡಿ, ಸುಮಾರು 402 ಮೀಟರ್. ಈ ಆಟ ಡೆಟ್ರಾಯಿಟ್‌ನಲ್ಲಿ ಹುಟ್ಟಿದ್ದಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚೆಯೇ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಫೋರ್ಡ್ ಕಾರುಗಳ ಭಾರ ಇಳಿಸಿ, ಇಂಜಿನ್ ತಿದ್ದಿ, ಒಣಗಿದ ಕೆರೆಯಂಗಳಗಳಲ್ಲಿ ಓಡಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಯಂತ್ರ ಕೆಲಸ ಕಲಿತು ಬಂದ ಸೈನಿಕರು ಈ ಹವ್ಯಾಸಕ್ಕೆ ಸೇರಿಕೊಂಡರು. ಆಟ ಕೆರೆಯಂಗಳದಿಂದ ಊರ ಬೀದಿಗೆ ಬಂದಿತು. ಅಪಘಾತಗಳು ಹೆಚ್ಚಿದವು, ಪತ್ರಿಕೆಗಳು ಟೀಕಿಸಿದವು, ಪೊಲೀಸರು ಬೆನ್ನುಹತ್ತಿದರು.

ಆಗ ವಾಲಿ ಪಾರ್ಕ್ಸ್ ಎಂಬುವವರು ಈ ಹುಡುಗರನ್ನು ಬೀದಿಯಿಂದ ಸುರಕ್ಷಿತ ಜಾಗಕ್ಕೆ ಕರೆದೊಯ್ಯಬೇಕೆಂದು 1951ರಲ್ಲಿ ‘ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್’ ಸ್ಥಾಪಿಸಿದರು. ಬಳಕೆ ತಪ್ಪಿದ ವಿಮಾನ ಇಳಿದಾಣಗಳು ಪಂದ್ಯದ ಅಂಗಳಗಳಾದವು. ನಮ್ಮ ನೆರೆಯ ಮದರಾಸಿನ ಬಳಿ ಶೋಲಾವರಂನಲ್ಲಿಯೂ ಯುದ್ಧಕಾಲದ ವಿಮಾನ ಇಳಿದಾಣವೇ ಹಲವು ದಶಕ ಮೋಟಾರು ಪಂದ್ಯಗಳ ಅಂಗಳವಾಗಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಡೆಟ್ರಾಯಿಟ್‌ಗೂ 1959ರಲ್ಲಿ ತನ್ನದೇ ಆದ ಡ್ರ್ಯಾಗ್ ಪಂದ್ಯದ ಅಂಗಳ ಬಂದಿತು. ಅಂದರೆ ಕಾನೂನಿಗೆ ಒಪ್ಪುವ, ಅಂಬುಲೆನ್ಸ್ ಸಿದ್ಧವಿರುವ ಜಾಗ ಊರಿನ ಹತ್ತಿರವೇ ಇತ್ತು. ಆದರೂ ಹುಡುಗರು ವುಡ್‌ವರ್ಡ್ ಬಿಡಲಿಲ್ಲ. ಇದನ್ನು ನೆನಪಿಡಿ.

1964ರ ಒಂದು ಕಾರು

ಯುದ್ಧ ಮುಗಿದ ಮೇಲೆ ಹುಟ್ಟಿದ ದೊಡ್ಡ ಪೀಳಿಗೆ 1960ರ ದಶಕದ ನಡುವೆ ಕಾರು ಓಡಿಸುವ ವಯಸ್ಸಿಗೆ ಬಂದಿತು. ಅವರ ಕೈಯಲ್ಲಿ ದುಡ್ಡೂ ಇತ್ತು. ಕಂಪನಿಗಳಿಗೆ ಇದು ಗೊತ್ತಿತ್ತು. ಆದರೆ ಜನರಲ್ ಮೋಟರ್ಸ್ ಆಡಳಿತ 1963ರ ಆರಂಭದಲ್ಲಿ ತನ್ನ ವಿಭಾಗಗಳು ಮೋಟಾರು ಪಂದ್ಯಗಳಲ್ಲಿ ಪಾಲ್ಗೊಳ್ಳಬಾರದೆಂದು ಆದೇಶಿಸಿತು. ಮಧ್ಯಮ ಗಾತ್ರದ ಹೊಸ ಕಾರುಗಳಿಗೆ 330 ಘನ ಅಂಗುಲಕ್ಕಿಂತ, ಎಂದರೆ ಸುಮಾರು 5.4 ಲೀಟರಿಗಿಂತ, ದೊಡ್ಡ ಇಂಜಿನ್ ಹಾಕಬಾರದೆಂಬ ಒಳನಿಯಮವೂ ಇತ್ತು.

ಪಾಂಟಿಯಾಕ್ ವಿಭಾಗದ ಮುಖ್ಯ ಇಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಂಗಡಿಗರು ಈ ನಿಯಮದಲ್ಲಿ ಒಂದು ಕಿಂಡಿ ಕಂಡರು. ನಿಯಮ ಇದ್ದದ್ದು ಹೊಸ ಮಾದರಿಗಳಿಗೆ. ಇರುವ ಮಾದರಿಗೆ ಗ್ರಾಹಕನ ಇಚ್ಛೆಯ ಮೇರೆಗೆ ಹೆಚ್ಚುವರಿ ಸಲಕರಣೆಯಾಗಿ ದೊಡ್ಡ ಇಂಜಿನ್ ಕೊಟ್ಟರೆ? ಹೀಗೆ ‘ಟೆಂಪೆಸ್ಟ್ ಲೆ ಮಾನ್ಸ್’ ಎಂಬ ಸಾಧಾರಣ ಕಾರಿಗೆ 389 ಘನ ಅಂಗುಲದ, ಸುಮಾರು 6.4 ಲೀಟರಿನ ಇಂಜಿನ್ ಕೂರಿಸಿದರು. ಅದರ ಶಕ್ತಿ 325 ಅಶ್ವಶಕ್ತಿ. ಮೂರು ಕಾರ್ಬ್ಯುರೇಟರ್ ಹಾಕಿಸಿಕೊಂಡರೆ 348. ಈ ಹೆಚ್ಚುವರಿ ಸಲಕರಣೆಯ ಬೆಲೆ 300 ಡಾಲರ್‌ಗಿಂತ ಸ್ವಲ್ಪ ಕಡಿಮೆ. ಫೆರಾರಿ ಕಂಪನಿಯ ಕಾರೊಂದರಿಂದ ಎರವಲು ಪಡೆದು ಅದಕ್ಕೆ ‘ಜಿ.ಟಿ.ಓ.’ ಎಂದು ಹೆಸರಿಟ್ಟರು.

ನಮ್ಮಲ್ಲಿ ಅದೇ ಕಾಲದಲ್ಲಿ ಓಡುತ್ತಿದ್ದ ಅಂಬಾಸಡರ್ ಕಾರಿನ ಇಂಜಿನ್ ಸುಮಾರು ಒಂದೂವರೆ ಲೀಟರಿನದು. ಶಕ್ತಿ 50 ಅಶ್ವಶಕ್ತಿಯ ಆಸುಪಾಸು. ಹೋಲಿಸಿ ನೋಡಿದರೆ ಅಂತರ ತಿಳಿಯುತ್ತದೆ.

ಐದು ಸಾವಿರ ಕಾರು ಮಾರಾಟವಾದರೆ ಹೆಚ್ಚು ಎಂದು ಆಡಳಿತ ಭಾವಿಸಿತ್ತು. ಮೊದಲ ವರ್ಷವೇ 32,450 ಮಾರಾಟವಾದವು. 1966ರಲ್ಲಿ ಸಂಖ್ಯೆ 96,946ಕ್ಕೆ ಏರಿತು. ಉಳಿದ ಕಂಪನಿಗಳು ಸುಮ್ಮನಿರಲಿಲ್ಲ. ಕ್ರೈಸ್ಲರ್ 1966ರಲ್ಲಿ 426 ಘನ ಅಂಗುಲದ, 425 ಅಶ್ವಶಕ್ತಿಯ ‘ಹೆಮಿ’ ಇಂಜಿನ್ನನ್ನು ಸಾಮಾನ್ಯ ಗ್ರಾಹಕರಿಗೂ ಮಾರತೊಡಗಿತು. ಎರಡು ವರ್ಷ ಮುಂಚೆ ಅದೇ ಇಂಜಿನ್ನಿನ ಕಾರುಗಳು ಡೇಟೋನಾದ ದೊಡ್ಡ ಪಂದ್ಯದಲ್ಲಿ ಮೊದಲ ಮೂರು ಸ್ಥಾನ ಗೆದ್ದಿದ್ದವು. 1970ರ ಷೆವ್ರೊಲೆ ಷೆವೆಲ್ ಕಾರಿನಲ್ಲಿ 450 ಅಶ್ವಶಕ್ತಿಯ ಇಂಜಿನ್ ಕೂಡ ದೊರೆಯುತ್ತಿತ್ತು. ಇವನ್ನು ಕೊಳ್ಳಲು ಬೇಕಾದದ್ದು ಹಣ ಮತ್ತು ಚಾಲನಾ ಪರವಾನಗಿ, ಅಷ್ಟೇ.

ದೀಪದಿಂದ ದೀಪಕ್ಕೆ

ಬೀದಿಯ ಪಂದ್ಯ ಹೇಗೆ ನಡೆಯುತ್ತಿತ್ತು? ಕೆಂಪು ದೀಪಕ್ಕೆ ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ. ಒಬ್ಬ ಇನ್ನೊಬ್ಬನ ಕಡೆ ನೋಡುತ್ತಾನೆ, ಇಂಜಿನ್ನನ್ನು ಒಮ್ಮೆ ಗುಡುಗಿಸುತ್ತಾನೆ. ಆತ ತಲೆ ಆಡಿಸಿದರೆ ಒಪ್ಪಿಗೆ. ಹಸಿರು ಬಿದ್ದೊಡನೆ ಇಬ್ಬರೂ ಹೊರಡುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಯಾರು ಮುಂದೆ ಎಂಬುದು ತಿಳಿಯುತ್ತದೆ; ಮುಂದಿನ ದೀಪದ ಹೊತ್ತಿಗೆ ಎಲ್ಲ ಮುಗಿದಿರುತ್ತದೆ. ಹಣ ಕಟ್ಟಿ ಆಡುವ ಪಂದ್ಯಗಳ ಮಾತುಕತೆ ಡ್ರೈವ್ ಇನ್ ಅಂಗಳದಲ್ಲಿ ನಡೆದು, ಪಂದ್ಯ ತಡರಾತ್ರಿ, ಸಂಚಾರ ವಿರಳವಾದ ಜಾಗದಲ್ಲಿ ನಡೆಯುತ್ತಿತ್ತು.

ಹೆಚ್ಚು ಅಶ್ವಶಕ್ತಿಯ ಕಾರೇ ಗೆಲ್ಲುತ್ತದೆ ಎಂದು ನೀವು ತಿಳಿಯಬಹುದು. ಆದರೆ ಹಾಗಾಗುವುದಿಲ್ಲ. ಕಾರನ್ನು ಮುಂದೆ ತಳ್ಳುವುದು ಕೊನೆಗೂ ಚಕ್ರ ಮತ್ತು ರಸ್ತೆಯ ನಡುವಿನ ಘರ್ಷಣೆ. ಇಂಜಿನ್ ಕೊಡುವ ಬಲ ಆ ಘರ್ಷಣೆಯ ಮಿತಿಯನ್ನು ಮೀರಿದರೆ ಚಕ್ರ ನಿಂತಲ್ಲೇ ಗಿರಗಿರನೆ ತಿರುಗಿ, ಟೈರು ಹೊಗೆಯಾಡುತ್ತದೆ, ಕಾರು ಹೋಗುವುದಿಲ್ಲ. ಅಂದಿನ ಕಿರಿದಾದ ಟೈರುಗಳಿಗೆ ಆ ಮಿತಿ ಬಹಳ ಕಡಿಮೆ. ಆದ್ದರಿಂದ ಆಕ್ಸಿಲರೇಟರನ್ನು ಎಷ್ಟು ಒತ್ತಬೇಕು, ಕ್ಲಚ್ಚನ್ನು ಯಾವಾಗ ಬಿಡಬೇಕು ಎಂಬುದು ಕಾಲಿನ ಜಾಣ್ಮೆಗೆ ಬಿಟ್ಟ ವಿಷಯ. ಅಜ್ಜಂದಿರು ಹೆಮ್ಮೆಯಿಂದ ನೆನೆಯುವುದು ಈ ಜಾಣ್ಮೆಯನ್ನು. ಅದು ನಿಜವಾದ ಕೌಶಲ. ಇಂಜಿನ್ ಬಿಚ್ಚಿ ಜೋಡಿಸಿ ಅವರು ಕಲಿತ ವಿದ್ಯೆಯೂ ನಿಜವಾದದ್ದೇ.

ಈಗ ಇನ್ನೊಂದು ಲೆಕ್ಕ ಮಾಡೋಣ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಚೆನ್ನಾಗಿ ಸಜ್ಜಾದ ಕಾರೊಂದು ಕಾಲು ಮೈಲಿಯನ್ನು 14 ಸೆಕೆಂಡಿನಲ್ಲಿ ಮುಗಿಸಿ, ಕೊನೆಯಲ್ಲಿ ಗಂಟೆಗೆ 160 ಕಿ.ಮೀ., ಅಂದರೆ ಸೆಕೆಂಡಿಗೆ ಸುಮಾರು 44 ಮೀಟರ್ ವೇಗ ತಲುಪಿತು ಎನ್ನಿ. ಕಾರಿನ ತೂಕ ಸುಮಾರು 1,600 ಕಿಲೋಗ್ರಾಂ. ಚಲನಶಕ್ತಿ ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂದು ಪಾಠದಲ್ಲಿ ಓದಿದ್ದೀರಿ. ಈ ಕಾರಿನ ಚಲನಶಕ್ತಿ ಅದೇ ಕಾರು 100 ಮೀಟರ್ ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿಗೆ ಸಮ. ವಿಜಯಪುರದ ಗೋಲಗುಮ್ಮಟದ ಎತ್ತರ ಸುಮಾರು 51 ಮೀಟರ್. ಅದರ ಎರಡು ಪಟ್ಟು ಎತ್ತರದಿಂದ ಬೀಳುವ ಕಾರನ್ನು ಕಲ್ಪಿಸಿಕೊಳ್ಳಿ.

ಈ ಶಕ್ತಿಯನ್ನು ಹೀರಿಕೊಳ್ಳಬೇಕಾದದ್ದು ಬ್ರೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಒಣ ರಸ್ತೆಯ ಮೇಲೆ ಬ್ರೇಕು ಹಾಕಿದರೆ ಸುಮಾರು 14 ಮೀಟರಿನಲ್ಲಿ ಕಾರು ನಿಲ್ಲುತ್ತದೆ. 160ರಲ್ಲಿ ಅದಕ್ಕೆ 140 ಮೀಟರಿಗೂ ಹೆಚ್ಚು ಬೇಕು. ಚಾಲಕ ಅಪಾಯ ಕಂಡು ಕಾಲೆತ್ತಿ ಬ್ರೇಕಿನ ಮೇಲಿಡುವ ಒಂದು ಸೆಕೆಂಡಿನಲ್ಲಿ ಕಳೆಯುವ 44 ಮೀಟರ್ ಬೇರೆ. 1964ರ ಜಿ.ಟಿ.ಓ. ಕಾರಿನ ನಾಲ್ಕೂ ಚಕ್ರಗಳಿಗೆ ಇದ್ದದ್ದು ಡ್ರಮ್ ಬ್ರೇಕು. ಬಿಸಿಯೇರಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ಇಂಜಿನ್ ಬೆಳೆದಷ್ಟು ಬ್ರೇಕು ಬೆಳೆದಿರಲಿಲ್ಲ. ಪಂದ್ಯದ ಅಂಗಳದಲ್ಲಿ ಗೆರೆ ದಾಟಿದ ಮೇಲೆ ನಿಲ್ಲಲು ಉದ್ದದ ಖಾಲಿ ದಾರಿ ಬಿಟ್ಟಿರುತ್ತಾರೆ. ಬೀದಿಯಲ್ಲಿ ಗೆರೆಯಾಚೆ ಇರುತ್ತಿದ್ದದ್ದು ಮುಂದಿನ ಸಿಗ್ನಲ್ಲು ಮತ್ತು ಅಲ್ಲಿ ರಸ್ತೆ ದಾಟುವ ಜನ.

ನೆನಪು ಬಿಟ್ಟದ್ದು ಏನು?

ದೂರದರ್ಶನಕ್ಕಾಗಿ ಸಂದರ್ಶನ ಸಿದ್ಧಪಡಿಸುವ ನನ್ನಂಥವರಿಗೆ ಒಂದು ಅಭ್ಯಾಸವಿದೆ. ಹಿರಿಯರು ತಮ್ಮ ಯೌವನದ ಕಥೆ ಹೇಳುವಾಗ ಅಡ್ಡಿಪಡಿಸದೆ ಕೇಳುತ್ತೇವೆ. ಆಮೇಲೆ ಆ ಕಾಲದ ಕಾಗದಪತ್ರಗಳ ಜೊತೆ ಇಟ್ಟು ನೋಡುತ್ತೇವೆ. ವುಡ್‌ವರ್ಡ್ ಕಥೆಯನ್ನೂ ಹಾಗೆ ನೋಡೋಣ.

ಮೊದಲನೆಯದು: ಇದು ದೊಡ್ಡವರ ವಿರುದ್ಧ ಹುಡುಗರು ಹೂಡಿದ ಬಂಡಾಯ ಎಂದು ಹಲವರು ನೆನೆಯುತ್ತಾರೆ. ಆದರೆ ಆ ರಸ್ತೆಯಲ್ಲಿ ದೊಡ್ಡವರೂ ಇದ್ದರು. ಕಂಪನಿಗಳ ಇಂಜಿನಿಯರುಗಳು ತಮ್ಮ ಹೊಸ ಕಾರುಗಳನ್ನು ಅಲ್ಲಿಗೆ ತರುತ್ತಿದ್ದರು. ರಾಯಲ್ ಓಕ್‌ನ ಒಂದು ಪಾಂಟಿಯಾಕ್ ಮಾರಾಟ ಮಳಿಗೆ ಕಾರುಗಳನ್ನು ವೇಗಕ್ಕೆ ತಿದ್ದಿಕೊಡುವುದರಲ್ಲೇ ಹೆಸರುವಾಸಿಯಾಯಿತು. 1964ರ ಮಾರ್ಚ್‌ನಲ್ಲಿ ‘ಕಾರ್ ಅಂಡ್ ಡ್ರೈವರ್’ ಪತ್ರಿಕೆ ಜಿ.ಟಿ.ಓ. ಕಾರು ಕಾಲು ಮೈಲಿಯನ್ನು 13.1 ಸೆಕೆಂಡಿನಲ್ಲಿ ಓಡಿತೆಂದು ಪ್ರಕಟಿಸಿತು. ಓದಿದ ಹುಡುಗರು ಬೆರಗಾದರು. ಪರೀಕ್ಷೆಗೆ ಕೊಟ್ಟ ಆ ಕಾರಿನಲ್ಲಿ 389ರ ಬದಲು 421 ಘನ ಅಂಗುಲದ ಇಂಜಿನ್ ಇತ್ತೆಂದು ಪಾಂಟಿಯಾಕ್ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ಬಹಳ ವರ್ಷಗಳ ನಂತರ ಒಪ್ಪಿಕೊಂಡರು. ಅಂಗಡಿಯಲ್ಲಿ ಅದೇ ಕಾರನ್ನು ಕೊಂಡ ಹುಡುಗ ಆ ಅಂಕಿಯನ್ನು ಮುಟ್ಟಲು ಬೀದಿಯಲ್ಲಿ ಒದ್ದಾಡಿದನೆಂದರೆ ತಪ್ಪು ಅವನೊಬ್ಬನದೇ? ಬಂಡಾಯವನ್ನು ಪೊಟ್ಟಣ ಕಟ್ಟಿ ಮಾರಿದವರೂ ಇದ್ದರು.

ಎರಡನೆಯದು: ‘ನಮಗೆ ಏನೂ ಆಗಲಿಲ್ಲ’ ಎಂಬ ಮಾತು. ಹೇಳುವವರಿಗೆ ಏನೂ ಆಗಿರಲಿಲ್ಲ, ನಿಜ. ಆದುದರಿಂದಲೇ ಅವರು ಹೇಳಲು ಉಳಿದಿದ್ದಾರೆ. ಅಮೆರಿಕದ ರಸ್ತೆಗಳಲ್ಲಿ 1966ರ ಒಂದೇ ವರ್ಷ 50,000ಕ್ಕೂ ಹೆಚ್ಚು ಜನ ಸತ್ತರು. 1972ರಲ್ಲಿ ಆ ಸಂಖ್ಯೆ 54,589. ಇಡೀ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಅಮೆರಿಕನ್ ಸೈನಿಕರು ಸುಮಾರು 58,000. ರಸ್ತೆಯ ಈ ಸಾವುಗಳಿಗೆಲ್ಲ ಪಂದ್ಯಗಳೇ ಕಾರಣವಲ್ಲ. ಕುಡಿತ, ಸೀಟು ಪಟ್ಟಿಯಿಲ್ಲದ ಪ್ರಯಾಣ, ಕಾರುಗಳ ಕೆಟ್ಟ ರಚನೆ ಎಲ್ಲವೂ ಸೇರಿವೆ. ರಾಲ್ಫ್ ನೇಡರ್ 1965ರಲ್ಲಿ ಕಾರುಗಳ ಅಸುರಕ್ಷಿತ ರಚನೆಯ ಬಗ್ಗೆ ಪುಸ್ತಕ ಬರೆದ ಮರುವರ್ಷವೇ ವಾಹನ ಸುರಕ್ಷತಾ ಕಾನೂನು ಬಂದದ್ದು ಈ ಹಿನ್ನೆಲೆಯಲ್ಲಿ.

ಮೂರನೆಯದು: ‘ಎಲ್ಲರೂ ಬರುತ್ತಿದ್ದರು’ ಎಂಬ ಮಾತು. ಎಂಟನೆಯ ಮೈಲಿ ರಸ್ತೆ ಕೇವಲ ನಗರದ ಎಲ್ಲೆಯಾಗಿರಲಿಲ್ಲ. ಬಿಳಿಯರ ಮತ್ತು ಕರಿಯರ ವಾಸವನ್ನು ಬೇರ್ಪಡಿಸುವ ಗೆರೆಯೂ ಆಗಿತ್ತು. ಆ ರಸ್ತೆಯ ಬಳಿ 1941ರಲ್ಲಿ ಎರಡು ಬಡಾವಣೆಗಳ ನಡುವೆ ಅರ್ಧ ಮೈಲಿ ಉದ್ದದ ಗೋಡೆಯನ್ನೇ ಕಟ್ಟಲಾಗಿತ್ತು. ವುಡ್‌ವರ್ಡ್‌ನ ಪ್ರಸಿದ್ಧ ಡ್ರೈವ್ ಇನ್‌ಗಳು ಇದ್ದದ್ದು ಬಿಳಿಯರು ನೆಲೆಸಿದ್ದ ಉತ್ತರದ ಉಪನಗರಗಳಲ್ಲಿ. 1967ರ ಜುಲೈನಲ್ಲಿ ಡೆಟ್ರಾಯಿಟ್‌ನಲ್ಲಿ ಹತ್ತಿದ ಜನಾಂಗೀಯ ಗಲಭೆಯಲ್ಲಿ 43 ಜನ ಸತ್ತರು.

ಆದರೆ ಈ ಚರಿತ್ರೆಯಲ್ಲಿ ಕರಿಯರೂ ಇದ್ದರು. 1969ರ ಕೊನೆಯಲ್ಲಿ ಡೆಟ್ರಾಯಿಟ್‌ನ ಆಫ್ರಿಕನ್-ಅಮೆರಿಕನ್ ಯುವಕನೊಬ್ಬ ಹೆಮಿ ಇಂಜಿನ್ನಿನ ಕಪ್ಪು ಡಾಡ್ಜ್ ಚಾಲೆಂಜರ್ ಕಾರು ಕೊಂಡ. ಕೆಲವು ವರ್ಷ ಆ ಕಾರು ರಾತ್ರಿ ಹೊತ್ತು ಬೀದಿಯ ಪಂದ್ಯಕ್ಕೆ ಬಂದು, ಗೆದ್ದು, ವಾರಗಟ್ಟಲೆ ಕಾಣೆಯಾಗುತ್ತಿತ್ತು. ಜನ ಅದನ್ನು ‘ಕಪ್ಪು ದೆವ್ವ’ ಎಂಬ ಅರ್ಥದ ಹೆಸರಿನಿಂದ ಕರೆದರು. ಚಾಲಕ ಯಾರೆಂದು ಹೇಳಿಕೊಳ್ಳದಿರಲು ಕಾರಣವಿತ್ತು: ಆತ ಸ್ವತಃ ನಗರದ ಪೊಲೀಸ್! ಆ ಕಾರು 2020ರಲ್ಲಿ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ವಾಹನಗಳ ಪಟ್ಟಿಗೆ ಸೇರಿತು. 2023ರಲ್ಲಿ ಹರಾಜಿನಲ್ಲಿ ಅದಕ್ಕೆ ಸುಮಾರು ಹತ್ತು ಲಕ್ಷ ಡಾಲರ್ ಬಂದಿತು.

ನಾಲ್ಕನೆಯದು ಗಾಳಿ. ಇಂಜಿನ್ನಿನ ಹೊಗೆಯ ವಾಸನೆಯನ್ನು ಹಿರಿಯರು ಪ್ರೀತಿಯಿಂದ ನೆನೆಯುತ್ತಾರೆ. ಆ ಪೆಟ್ರೋಲಿನಲ್ಲಿ ಸೀಸ ಇತ್ತು. ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲು ಅಕಾಲದಲ್ಲಿ ಸಿಡಿಯದಂತೆ ಅದು ತಡೆಯುತ್ತಿತ್ತು. ಆದ್ದರಿಂದಲೇ ಅಷ್ಟು ಶಕ್ತಿಯ ಇಂಜಿನ್ ಸಾಧ್ಯವಾಗಿತ್ತು. ಆದರೆ ಸೀಸ ವಿಷ, ಅದರಲ್ಲೂ ಮಕ್ಕಳ ಮಿದುಳಿಗೆ. ನಮ್ಮ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ಪೂರ್ತಿ ನಿಂತದ್ದು 2000ದಲ್ಲಿ.

ಯುಗ ಮುಗಿದದ್ದು ಹೇಗೆ?

‘ಸರ್ಕಾರ ಬಂದು ಕಾರುಗಳನ್ನು ಕೊಂದಿತು’ ಎಂದು ಅನೇಕರು ಹೇಳುತ್ತಾರೆ. ಕಾರಣ ಒಂದಲ್ಲ. 1970ರ ಸುಮಾರಿಗೆ ವಿಮಾ ಕಂಪನಿಗಳು ಇಂಥ ಕಾರು ಓಡಿಸುವ ಯುವಕರಿಗೆ ಭಾರೀ ಕಂತು ವಿಧಿಸತೊಡಗಿದವು. ಅದೇ ವರ್ಷದ ಕೊನೆಯ ದಿನ ಶುದ್ಧ ಗಾಳಿ ಕಾಯಿದೆಗೆ ಸಹಿ ಬಿದ್ದು, ಹೊಗೆಯಲ್ಲಿನ ಮುಖ್ಯ ವಿಷಾನಿಲಗಳನ್ನು ಶೇಕಡಾ 90ರಷ್ಟು ತಗ್ಗಿಸುವ ಗುರಿ ಬಂದಿತು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ಸರಬರಾಜು ತಡೆಹಿಡಿದವು. ಪೆಟ್ರೋಲಿಗೆ ಸಾಲು ಹತ್ತಿತು. 1974ರ ಜನವರಿಯಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿಯ ವೇಗಮಿತಿ ಬಂದಿತು. ಜಿ.ಟಿ.ಓ. ತಯಾರಿಕೆ ಅದೇ ವರ್ಷ ನಿಂತಿತು.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇದೆ. 1972ರಲ್ಲಿ ಇಂಜಿನ್ನುಗಳ ಅಶ್ವಶಕ್ತಿ ಒಮ್ಮೆಗೇ ಕುಸಿಯಿತೆಂದು ಜನ ನೆನೆಯುತ್ತಾರೆ. ಕುಸಿದದ್ದರಲ್ಲಿ ಒಂದು ಪಾಲು ಅಳತೆಯ ರೀತಿ ಬದಲಾದದ್ದರಿಂದ. ಮೊದಲು ಫ್ಯಾನು, ಸೈಲೆನ್ಸರ್ ಮುಂತಾದ ಭಾಗಗಳಿಲ್ಲದೆ ಬರಿಯ ಇಂಜಿನ್ನನ್ನು ಅಳೆಯುತ್ತಿದ್ದರು. ಆಮೇಲೆ ಕಾರಿನಲ್ಲಿ ಇರುವಂತೆಯೇ ಅಳೆಯತೊಡಗಿದರು. 1971ರ ಷೆವೆಲ್ ಕಾರಿನ ಒಂದೇ ಇಂಜಿನ್ನಿಗೆ ಹಳೆಯ ರೀತಿಯಲ್ಲಿ 365, ಹೊಸ ರೀತಿಯಲ್ಲಿ 285 ಅಶ್ವಶಕ್ತಿ! ಅಂಕಿ ಬದಲಾದಾಗ ವಸ್ತುವೇ ಬದಲಾಯಿತೆ, ಅಳತೆಗೋಲು ಬದಲಾಯಿತೆ ಎಂದು ಕೇಳುವ ಅಭ್ಯಾಸ ಚರಿತ್ರೆಗೂ ಬೇಕು, ವಿಜ್ಞಾನಕ್ಕೂ ಬೇಕು.

ಮತ್ತೆ ಅದೇ ರಸ್ತೆ

1995ರ ಆಗಸ್ಟ್‌ನಲ್ಲಿ ಫರ್ನ್‌ಡೇಲ್ ಊರಿನವರು ಮಕ್ಕಳ ಫುಟ್‌ಬಾಲ್ ಮೈದಾನಕ್ಕೆ ಹಣ ಕೂಡಿಸಲು ವುಡ್‌ವರ್ಡ್ ಮೇಲೆ ಹಳೆಯ ಕಾರುಗಳ ಮೆರವಣಿಗೆ ಏರ್ಪಡಿಸಿದರು. ಸುಮಾರು ಎರಡೂವರೆ ಲಕ್ಷ ಜನ ಬಂದರು. ಅಂದಿನಿಂದ ‘ವುಡ್‌ವರ್ಡ್ ಡ್ರೀಮ್ ಕ್ರೂಸ್’ ಎಂಬ ಹೆಸರಿನಲ್ಲಿ ಅದು ಆಗಸ್ಟ್ ತಿಂಗಳ ಜಾತ್ರೆಯಾಯಿತು. ಅದೇ ಕಾರುಗಳು, ಅದೇ ರಸ್ತೆ. ಆದರೆ ದಟ್ಟಣೆಯಿಂದಾಗಿ ಓಟ ತೇರಿನ ವೇಗದ್ದು. ಪಾಂಟಿಯಾಕ್ ಎಂಬ ಕಾರಿನ ಹೆಸರೇ 2010ರಲ್ಲಿ ಇಲ್ಲವಾಯಿತು. ಉಳಿದಿರುವುದು ನೆನಪು.

ಊರ ಪಕ್ಕದಲ್ಲೇ ಸುರಕ್ಷಿತ ಅಂಗಳವಿದ್ದರೂ ಹುಡುಗರು ಬೀದಿಯನ್ನೇ ಏಕೆ ಆರಿಸಿದರು ಎಂಬ ಪ್ರಶ್ನೆಯನ್ನು ನೆನಪಿಡಲು ಹೇಳಿದ್ದೆ. ಅಂಗಳದಲ್ಲಿ ಗಡಿಯಾರವಿತ್ತು, ಬೀದಿಯಲ್ಲಿ ನೋಡುವ ಗೆಳೆಯರಿದ್ದರು. ಹರೆಯಕ್ಕೆ ಬೇಕಾದದ್ದು ಹಲವು ಸಲ ಗೆಲುವಿಗಿಂತ ನೋಡುವ ಕಣ್ಣುಗಳು. ನಮ್ಮ ಊರುಗಳಲ್ಲಿ ‘ವೀಲಿಂಗ್’ ಮಾಡುವ ಹುಡುಗರನ್ನು ನೀವು ಕಂಡಿದ್ದೀರಿ. ಅವರನ್ನು ಓಡಿಸುವ ಬಯಕೆಯೂ ಇದೇ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ನಡೆಸಿದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಆದರೆ ಚಲನಶಕ್ತಿಯ ಲೆಕ್ಕ ಕಾಯಿದೆಗಿಂತ ಕಠಿಣ. ಅದಕ್ಕೆ ಮೊದಲ ಸಲ, ಎರಡನೆಯ ಸಲ ಎಂಬ ಭೇದವಿಲ್ಲ.

ನಿಮ್ಮ ಮನೆಯಲ್ಲೂ ಹಿರಿಯರು ತಮ್ಮ ಕಾಲದ ಸಾಹಸಗಳನ್ನು ಹೇಳುತ್ತಾರೆ. ತುಂಬಿದ ಹೊಳೆ ಈಜಿದ್ದು, ಓಡುವ ಬಸ್ಸು ಹತ್ತಿದ್ದು, ಮೊದಲ ಮೋಟಾರು ಸೈಕಲ್ಲು ಓಡಿಸಿದ್ದು. ಅವರಿಂದ ಕೇಳಿ, ಬರೆದಿಡಿ. ಬರೆದ ಮೇಲೆ ಮೂರು ಪ್ರಶ್ನೆ ಕೇಳಿ: ಇದರಿಂದ ಲಾಭ ಯಾರಿಗಾಯಿತು? ಅಂದು ಅಲ್ಲಿಗೆ ಬರಲಾಗದೆ ಹೊರಗುಳಿದವರು ಯಾರು? ಈ ಕಥೆ ಹೇಳಲು ಇಂದು ಬದುಕಿ ಉಳಿಯದವರು ಯಾರು? ಉತ್ತರಗಳನ್ನೂ ಅದೇ ಪುಟದಲ್ಲಿ ಬರೆಯಿರಿ. ಆಗ ಆ ಪುಟ ಚರಿತ್ರೆಯಾಗುತ್ತದೆ.